ಬಿಎಸ್ಸಿ ಮುಗಿಸಿ ಜರ್ಮನಿಗೆ ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಹಾಕುವವರಿಗೆ: ಗೊತ್ತಿದ್ದವರು ದಯವಿಟ್ಟು ಬರೆಯಿರಿ

ಹಾಸನದ ಹುಡುಗಿ

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎಸ್ಸಿ ಕೊನೇ ವರ್ಷ ಓದ್ತಿದ್ದೀನಿ. ಗಣಿತ ಮತ್ತು ಸಂಖ್ಯಾಶಾಸ್ತ್ರ. 2023ರಲ್ಲಿ ಸೇರಿದ್ದು, ಅಂದ್ರೆ ಎನ್‌ಇಪಿಯ (ನಾಲ್ಕನೇ ಆನರ್ಸ್ ವರ್ಷಕ್ಕೆ ಅವಕಾಶ ಇದ್ದ ರಾಷ್ಟ್ರೀಯ ಶಿಕ್ಷಣ ನೀತಿಯ) ಕೊನೇ ಬ್ಯಾಚ್. ಸಿಜಿಪಿಎ ಸದ್ಯಕ್ಕೆ 7.8. ಸಂಖ್ಯಾಶಾಸ್ತ್ರ ಅಂದ್ರೆ ನನಗೆ ನಿಜವಾಗ್ಲೂ ಇಷ್ಟ. ಬೇರೆ ಏನೂ ಸಿಗಲಿಲ್ಲ ಅಂತ ತಗೊಂಡ ವಿಷಯ ಅಲ್ಲ. ಎಂಎಸ್ಸಿಯನ್ನು ಜರ್ಮನಿಯಲ್ಲಿ ಮಾಡಬೇಕು ಅಂತ ಆಸೆ, ಯಾಕಂದ್ರೆ ಅಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸ್ ಇಲ್ಲ ಅಂತ ಕೇಳಿದೀನಿ. ಅಪ್ಪನಿಗೆ ಸ್ವಲ್ಪ ತೆಂಗಿನ ತೋಟ ಇದೆ, ಅಷ್ಟೇ.

ಬೆಂಗಳೂರಿನಲ್ಲಿ ಒಂದು ಕನ್ಸಲ್ಟೆನ್ಸಿಗೆ ಹೋಗಿದ್ವಿ. "ನಿಮ್ಮ ಕಾಲೇಜು ಯಾರಿಗೂ ಗೊತ್ತಿಲ್ಲ, ಸರ್ಕಾರಿ ವಿಶ್ವವಿದ್ಯಾಲಯ ಕಷ್ಟ, ಪ್ರೈವೇಟ್‌ನಲ್ಲಿ ಡೇಟಾ ಸೈನ್ಸ್ ಮಾಡಿಸ್ತೀವಿ" ಅಂದ್ರು. ಫೀಸ್ ಕೇಳಿ ಅಪ್ಪ ಸುಮ್ಮನಾಗಿಬಿಟ್ರು. ಕೇಳಬೇಕಾಗಿರೋದು ಇಷ್ಟು: ಸಣ್ಣ ಕಾಲೇಜಿನವರಿಗೆ ನಿಜವಾಗ್ಲೂ ಸೀಟು ಸಿಗಲ್ವಾ? ಮೂರು ವರ್ಷಕ್ಕೇ ಹಾಕಬಹುದಾ, ನಾಲ್ಕನೇ ಆನರ್ಸ್ ವರ್ಷ ಮಾಡಲೇಬೇಕಾ? ಜರ್ಮನ್ ಭಾಷೆ ಎಷ್ಟು ಬೇಕು? ಒಟ್ಟು ಎಷ್ಟು ದುಡ್ಡು ಕೈಯಲ್ಲಿರಬೇಕು?

ರೂರ್ ಕಡೆಯವನು

ಮೊದಲು ಆ ಕನ್ಸಲ್ಟೆನ್ಸಿ ಮಾತನ್ನು ಬದಿಗಿಡಿ. ಪ್ರೈವೇಟ್ ಕಾಲೇಜುಗಳು ಏಜೆಂಟರಿಗೆ ಕಮಿಷನ್ ಕೊಡ್ತವೆ, ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಅದರ ಅಗತ್ಯ ಇಲ್ಲ. ಅವರ ಸಲಹೆ ಯಾವ ಕಡೆ ವಾಲುತ್ತೆ ಅಂತ ಇದರಿಂದಲೇ ತಿಳೀತದೆ.

ನಾನಿರೋದು ಡಾರ್ಟ್‌ಮುಂಡ್‌ನಲ್ಲಿ. ಜರ್ಮನ್ ಭಾಷೆಯ ದೇಶಗಳಲ್ಲೆಲ್ಲಾ ಸಂಖ್ಯಾಶಾಸ್ತ್ರಕ್ಕೇ ಅಂತ ಪ್ರತ್ಯೇಕ ಫ್ಯಾಕಲ್ಟಿ ಇರೋದು ಇಲ್ಲಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ (ಟಿಯು) ಮಾತ್ರ, 1973ರಿಂದ. ಉಳಿದ ಕಡೆ ಅದು ಗಣಿತ ವಿಭಾಗದ ಜೊತೆಗೋ ಅರ್ಥಶಾಸ್ತ್ರದ ಜೊತೆಗೋ ಸೇರಿಕೊಂಡಿರುತ್ತೆ. ಇದು ಅರ್ಜಿ ಹಾಕೋರಿಗೆ ಮುಖ್ಯ. ಅರ್ಥಶಾಸ್ತ್ರದ ಕಡೆ ಇರೋ ಕೋರ್ಸಿನವರು ಇಕನಾಮೆಟ್ರಿಕ್ಸ್ (ಅರ್ಥಶಾಸ್ತ್ರಕ್ಕೆ ಬಳಸೋ ಸಂಖ್ಯಾಶಾಸ್ತ್ರ) ಓದಿದ್ದೀರಾ ಅಂತ ನೋಡ್ತಾರೆ. ಗಣಿತದ ಕಡೆಯವರು ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜೀಬ್ರಾ ಎಲ್ಲಿ ಅಂತ ಕೇಳ್ತಾರೆ.

ಕಾಲೇಜಿನ ಹೆಸರು ಇಲ್ಲಿ ಯಾರಿಗೂ ಗೊತ್ತಿರಲ್ಲ. ನಿಮ್ಮ ಕಾಲೇಜಿನದು ಮಾತ್ರ ಅಲ್ಲ, ಬೆಂಗಳೂರಿನ ದೊಡ್ಡ ದೊಡ್ಡ ಕಾಲೇಜುಗಳದ್ದೂ ಗೊತ್ತಿರಲ್ಲ. ಪದವಿ ಕೊಡುವ ವಿಶ್ವವಿದ್ಯಾಲಯವನ್ನು ಅನಾಬಿನ್ ಅನ್ನೋ ಸರ್ಕಾರಿ ದತ್ತಸಂಚಯದಲ್ಲಿ ಹುಡುಕ್ತಾರೆ. ಅಲ್ಲಿ ಎಚ್ ಪ್ಲಸ್ ಅಂತಿದ್ರೆ ಮಾನ್ಯ. ಆ ಮೇಲೆ ನೋಡೋದು ನೀವು ಓದಿದ ಒಂದೊಂದು ಪೇಪರು. ಎಷ್ಟು ಗಣಿತ, ಎಷ್ಟು ಪ್ರಾಬಬಿಲಿಟಿ, ಎಷ್ಟು ಇನ್ಫರೆನ್ಸ್, ಎಷ್ಟು ಪ್ರೋಗ್ರಾಮಿಂಗ್. ಇದನ್ನ ಇಸಿಟಿಎಸ್ ಅನ್ನೋ ಯುರೋಪಿನ ಕ್ರೆಡಿಟ್ ಲೆಕ್ಕದಲ್ಲಿ ಎಣಿಸ್ತಾರೆ. ಇಂಜಿನಿಯರಿಂಗ್ ಹುಡುಗರಿಗಿಂತ ನಿಮ್ಮ ಕೈ ಮೇಲಿರೋದು ಇಲ್ಲೇ.

ವಿಟಿಯು ಹಳೇ ವಿದ್ಯಾರ್ಥಿ

ಮೇಲೆ ಹೇಳಿದ್ದು ನಿಜ. ನಾನು ಕಂಪ್ಯೂಟರ್ ಸೈನ್ಸ್ ಬಿಇ, ಸಿಜಿಪಿಎ 9 ದಾಟಿತ್ತು, ಆದರೂ ಸ್ಟ್ಯಾಟಿಸ್ಟಿಕ್ಸ್ ಕೋರ್ಸುಗಳಿಂದ "ಸಂಖ್ಯಾಶಾಸ್ತ್ರದ ಕ್ರೆಡಿಟ್ ಸಾಲದು" ಅಂತಲೇ ಉತ್ತರ ಬಂತು. ನಮ್ಮ ಇಂಜಿನಿಯರಿಂಗ್ ಗಣಿತದಲ್ಲಿ ಲಾಪ್ಲಾಸ್, ಫೂರಿಯೆ, ಕಾಂಪ್ಲೆಕ್ಸ್ ವೇರಿಯಬಲ್ಸ್ ಎಲ್ಲಾ ಬರುತ್ತೆ. ಪ್ರಾಬಬಿಲಿಟಿಗೆ ಸಿಗೋದು ಒಂದೋ ಎರಡೋ ಯೂನಿಟ್. ಪ್ರೂಫ್ ಬರೆಯೋ ಅಭ್ಯಾಸವಂತೂ ಇಲ್ಲವೇ ಇಲ್ಲ. ಕೊನೆಗೆ ಡೇಟಾ ಸೈನ್ಸ್ ಕೋರ್ಸಿಗೆ ಸೇರಿದೆ, ಅದೂ ಸರ್ಕಾರಿಯಲ್ಲೇ. ಖುಷಿಯಾಗಿದ್ದೀನಿ. ಆದ್ರೆ ಬಿಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಓದಿದವರು ತಮ್ಮ ಪದವಿಯನ್ನು ಕಡಿಮೆ ಅಂದ್ಕೊಂಡು ಕೂರೋದು ನೋಡಿದಾಗ ಬೇಸರ ಆಗುತ್ತೆ.

ಮೈಸೂರು ಮೇಷ್ಟ್ರು

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪದವಿ ತರಗತಿಗಳಿಗೆ ಸಂಖ್ಯಾಶಾಸ್ತ್ರ ಪಾಠ ಮಾಡಿ ನಿವೃತ್ತನಾಗಿದ್ದೇನೆ. ಹೊರದೇಶಕ್ಕೆ ಹೋಗುವ ಮಕ್ಕಳು ಪಠ್ಯಕ್ರಮದ ಪ್ರತಿಗೆ ಸಹಿ ಹಾಕಿಸಿಕೊಳ್ಳಲು ಈಗಲೂ ಮನೆಗೆ ಬರುತ್ತಾರೆ. ಆ ಅನುಭವದಿಂದ ಒಂದು ಮಾತು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನಮ್ಮ ಮಕ್ಕಳು ಕಳಿಸುವ ಕಡತದಲ್ಲಿ ಅತ್ಯಂತ ಬಡವಾಗಿರುವುದು ಮಾಡ್ಯೂಲ್ ವಿವರ, ಅಂದರೆ ಪ್ರತಿ ಪೇಪರಿನಲ್ಲಿ ಏನೇನು ಓದಿದ್ದಾರೆ ಎಂಬ ವಿವರ. ಅಂಕಪಟ್ಟಿಯಲ್ಲಿ "ಸ್ಟ್ಯಾಟಿಸ್ಟಿಕ್ಸ್ ಪೇಪರ್ 4" ಎಂದಿರುತ್ತದೆ, ಮಗು ಅದನ್ನೇ ಹಾಗೇ ನಕಲು ಮಾಡಿ ಕಳಿಸುತ್ತದೆ. ಜರ್ಮನಿಯಲ್ಲಿ ಕಡತ ಓದುವ ಪ್ರಾಧ್ಯಾಪಕರಿಗೆ ಅದರಿಂದ ಏನು ತಿಳಿಯಬೇಕು? ಆ ಪೇಪರಿನೊಳಗೆ ನಾವು ಏನೇನು ಕಲಿಸುತ್ತೇವೆ ನೋಡಿ. ಅನ್‌ಬಯಾಸ್ಡ್ ಎಸ್ಟಿಮೇಟರ್, ಸಫಿಷಿಯನ್ಸಿ, ಮ್ಯಾಕ್ಸಿಮಮ್ ಲೈಕ್ಲಿಹುಡ್, ಕ್ರಾಮರ್–ರಾವ್ ಅಸಮಾನತೆ, ರಾವ್–ಬ್ಲ್ಯಾಕ್‌ವೆಲ್ ಪ್ರಮೇಯ, ನೇಮನ್–ಪಿಯರ್ಸನ್ ಲೆಮ್ಮಾ, ಲೈಕ್ಲಿಹುಡ್ ರೇಶಿಯೋ ಟೆಸ್ಟ್. ಯಾವ ದೇಶದ ಪದವಿ ತರಗತಿಗೆ ಹೋಲಿಸಿದರೂ ಇದು ಗಟ್ಟಿ ಪಠ್ಯ. ಹೆಸರಿಗೆ ಮಾತ್ರ "ಪೇಪರ್ 4".

ಆದ್ದರಿಂದ ಪ್ರತಿ ಪೇಪರಿಗೂ ಒಂದು ಪುಟ ಬರೆಯಿರಿ. ಮೇಲೆ ಅಂಕಪಟ್ಟಿಯಲ್ಲಿರುವ ಹೆಸರೇ ಇರಲಿ, ಬದಲಾಯಿಸಬೇಡಿ. ಅದರ ಕೆಳಗೆ ವಿಷಯದ ಪೂರ್ಣ ಪಟ್ಟಿ, ವಾರಕ್ಕೆ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ಪ್ರಾಯೋಗಿಕ, ಎಷ್ಟು ವಾರ, ಪರೀಕ್ಷೆ ಯಾವ ಬಗೆಯದು, ಓದಿದ ಪಠ್ಯಪುಸ್ತಕ ಯಾವುದು. ಪ್ರಾಯೋಗಿಕ ತರಗತಿಯಲ್ಲಿ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸಿದ್ದರೆ ಅದನ್ನು ಖಂಡಿತ ಬರೆಯಿರಿ. ವಿಶ್ವವಿದ್ಯಾಲಯದ ಜಾಲತಾಣದಲ್ಲಿರುವ ಅಧಿಕೃತ ಪಠ್ಯಕ್ರಮವನ್ನು ಜೊತೆಗಿಟ್ಟು, ವಿಭಾಗದ ಮುಖ್ಯಸ್ಥರ ಸಹಿ, ಮೊಹರು ಹಾಕಿಸಿ. ಪಠ್ಯಕ್ರಮದಲ್ಲಿ ಇಲ್ಲದ್ದನ್ನು ಒಂದು ಸಾಲೂ ಸೇರಿಸಬೇಡಿ.

ಇನ್ನೊಂದು ವಿಷಯ. ಮೇಲೆ ಹೇಳಿದ ಕ್ರಾಮರ್–ರಾವ್, ರಾವ್–ಬ್ಲ್ಯಾಕ್‌ವೆಲ್ ಎರಡರಲ್ಲೂ ಬರುವ ರಾವ್ ಅಂದರೆ ಸಿ. ಆರ್. ರಾವ್. 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದವರು. 1945ರಲ್ಲಿ ಕಲ್ಕತ್ತೆಯಲ್ಲಿದ್ದಾಗ ಪ್ರಕಟಿಸಿದ ಒಂದೇ ಲೇಖನದಲ್ಲಿ ಇವೆರಡರ ಮೂಲವೂ ಇದೆ. 2023ರಲ್ಲಿ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಬಂತು, ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು. ಮ್ಯೂನಿಕ್‌ನಲ್ಲೋ ಗೋಟಿಂಗನ್‌ನಲ್ಲೋ ಎಸ್ಟಿಮೇಷನ್ ಥಿಯರಿ ತರಗತಿಗೆ ಕೂತರೆ ಮೊದಲ ಕೆಲವು ವಾರದೊಳಗೇ ಅವರ ಹೆಸರು ಬೋರ್ಡಿನ ಮೇಲೆ ಬರುತ್ತದೆ. ಸಣ್ಣ ಊರಿನ ಕಾಲೇಜು ಎಂದು ಹಿಂಜರಿಯುವ ಮಕ್ಕಳಿಗೆ ಇದನ್ನು ನಾನು ತಪ್ಪದೆ ಹೇಳುತ್ತೇನೆ.

ಹಾಸನದ ಹುಡುಗಿ

ಸರ್, ತುಂಬಾ ಧನ್ಯವಾದ. ರಾವ್ ಅವರು ಹಡಗಲಿಯವರು ಅಂತ ನನಗೆ ಗೊತ್ತೇ ಇರಲಿಲ್ಲ! ನಮ್ಮ ಕಾಲೇಜಿನಲ್ಲಿ ಪ್ರಾಯೋಗಿಕ ತರಗತಿ ಅರ್ಧ ಕ್ಯಾಲ್ಕುಲೇಟರ್, ಅರ್ಧ ಆರ್. ಎರಡನ್ನೂ ಬರೀತೀನಿ. ಕ್ರೆಡಿಟನ್ನು ಇಸಿಟಿಎಸ್‌ಗೆ ಬದಲಾಯಿಸೋದು ಹೇಗೆ? ಮತ್ತೆ 7.8 ಅಂದ್ರೆ ಜರ್ಮನ್ ಲೆಕ್ಕದಲ್ಲಿ ಎಷ್ಟು?

ಗೋಟಿಂಗನ್ ಗೆಳತಿ

ಲೆಕ್ಕ ನಾನು ಹೇಳ್ತೀನಿ.

ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸು, 5.0 ಫೇಲು. ನಮ್ಮ ಅಂಕವನ್ನು ಅದಕ್ಕೆ ಇಳಿಸೋಕೆ ಬವೇರಿಯನ್ ಸೂತ್ರ ಅಂತ ಬಳಸ್ತಾರೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೀರಿ, ಅದನ್ನು ಗರಿಷ್ಠದಿಂದ ಪಾಸ್ ಅಂಕ ಕಳೆದಿದ್ದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ನಿಮ್ಮದು 10ಕ್ಕೆ 7.8. ಪಾಸ್ ಅಂಕ 4 ಆದ್ರೆ 2.2 ಭಾಗಿಸು 6, ಗುಣಿಸು 3, ಕೂಡಿಸು 1: ಒಟ್ಟು 2.1. ಪಾಸ್ ಅಂಕ 5 ಅಂತ ಹಿಡಿದ್ರೆ ಅದೇ 7.8 ಸುಮಾರು 2.3 ಆಗುತ್ತೆ. ಕೆಲವು ಕೋರ್ಸುಗಳು 2.5ರೊಳಗೆ ಇರಬೇಕು ಅಂತ ಗೆರೆ ಹಾಕಿರ್ತವೆ, ಅಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಹಾಗಾಗಿ ನಿಮ್ಮ ವಿಶ್ವವಿದ್ಯಾಲಯದ ಪಾಸ್ ಗ್ರೇಡ್ ಎಷ್ಟು ಅನ್ನೋದಕ್ಕೆ ಲಿಖಿತ ಆಧಾರ ಇಟ್ಕೊಳ್ಳಿ. ಅಂತಿಮ ಲೆಕ್ಕ ಅವರೇ ಮಾಡ್ತಾರೆ, ನಿಮ್ಮ ಲೆಕ್ಕ ಅಂದಾಜಿಗೆ.

ಇಸಿಟಿಎಸ್: ಮೂರು ವರ್ಷದ ಪದವಿಗೆ 180. ಒಂದು ಇಸಿಟಿಎಸ್ ಅಂದ್ರೆ 25ರಿಂದ 30 ಗಂಟೆ ಕೆಲಸ, ಮನೇಲಿ ಓದೋದೂ ಸೇರಿ. ನಿಮ್ಮ ಮೂರು ವರ್ಷದ ಒಟ್ಟು ಕ್ರೆಡಿಟ್ 140 ಅಂತಿಟ್ಕೊಳ್ಳಿ. 180 ಭಾಗಿಸು 140, ಅಂದ್ರೆ ಸುಮಾರು 1.29. ಥಿಯರಿ 4, ಪ್ರಾಯೋಗಿಕ 2 ಸೇರಿ 6 ಕ್ರೆಡಿಟ್ ಇರೋ ಪೇಪರು ಹೆಚ್ಚುಕಮ್ಮಿ 7.7 ಇಸಿಟಿಎಸ್ ಆಗುತ್ತೆ. ಒಂದು ಟೇಬಲ್ ಮಾಡಿ: ನಮ್ಮ ಪೇಪರಿನ ಹೆಸರು, ನಮ್ಮ ಕ್ರೆಡಿಟ್, ಇಸಿಟಿಎಸ್, ಯಾವ ಗುಂಪಿಗೆ ಸೇರುತ್ತೆ. ಗಣಿತ ಬೇರೆ, ಸಂಖ್ಯಾಶಾಸ್ತ್ರ ಬೇರೆ, ಪ್ರೋಗ್ರಾಮಿಂಗ್ ಬೇರೆ. ಎಷ್ಟೋ ವಿಭಾಗಗಳು ಇಂಥ ಫಾರ್ಮನ್ನು ತಾವೇ ಕೊಡ್ತವೆ. ಕೊಡದಿದ್ರೂ ಮಾಡಿ ಲಗತ್ತಿಸಿ.

ನಾಲ್ಕನೇ ವರ್ಷದ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರ ಇಲ್ಲ. ಮೂರು ವರ್ಷದ ಭಾರತೀಯ ಪದವಿಯನ್ನು ಹೇಗೆ ತೂಗ್ತಾರೆ ಅನ್ನೋದು ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಥರ. ನೀವು ಹಾಕೋ ಕಡೆಗೆ ಇಮೇಲ್ ಬರೆದು, ಉತ್ತರವನ್ನು ಜೋಪಾನವಾಗಿ ಇಟ್ಕೊಳ್ಳಿ. ವಿಭಾಗದ ಕೋಆರ್ಡಿನೇಟರ್‌ಗಳು ಉತ್ತರ ಕೊಡ್ತಾರೆ, ಎರಡು ವಾರ ಕಾಯಬೇಕಾಗಬಹುದು.

ರೂರ್ ಕಡೆಯವನು

ನಾಲ್ಕನೇ ವರ್ಷದ ಬಗ್ಗೆ ನಾನು ಇನ್ನೂ ಗಟ್ಟಿಯಾಗಿ ಹೇಳ್ತೀನಿ: ಅವಕಾಶ ಇದ್ರೆ ಮಾಡಿ. 2024ರಿಂದ ಕರ್ನಾಟಕ ಮತ್ತೆ ಮೂರು ವರ್ಷಕ್ಕೆ ಬಂದಿದೆ, ಈಗ ಸೇರೋರಿಗೆ ಈ ದಾರಿ ಇಲ್ಲ. ನಿಮ್ಮದು ಎನ್‌ಇಪಿಯ ಕೊನೇ ಬ್ಯಾಚ್. ಆ ಒಂದು ವರ್ಷದಲ್ಲಿ ಮೆಷರ್ ಥಿಯರಿ, ಮಲ್ಟಿವೇರಿಯೇಟ್, ಒಂದು ಪ್ರಾಜೆಕ್ಟ್ ಸಿಕ್ಕಿದ್ರೆ ಇಲ್ಲಿ ಮೊದಲ ಸೆಮಿಸ್ಟರಲ್ಲಿ ಉಸಿರಾಡೋಕೆ ಜಾಗ ಸಿಗುತ್ತೆ. ಜರ್ಮನ್ ಕಲಿಯೋಕೂ ಅದೇ ಸಮಯ.

ಗೋಟಿಂಗನ್ ಗೆಳತಿ

ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಸರ್ಕಾರಿ ಕಾಲೇಜುಗಳಲ್ಲಿ ನಾಲ್ಕನೇ ವರ್ಷಕ್ಕೆ ಪಾಠ ಮಾಡೋರು ಇದ್ದಾರಾ ಅಂತ ಮೊದಲು ನೋಡಬೇಕು. ಗೈಡ್ ಇಲ್ಲದೆ, ಲ್ಯಾಬ್ ಇಲ್ಲದೆ ಒಂದು ವರ್ಷ ಕಳೆಯೋದಕ್ಕಿಂತ, ಮೂರು ವರ್ಷಕ್ಕೇ ಒಪ್ಪೋ ಕಡೆ ಹಾಕೋದು ಮೇಲು. ಅದೂ ಆಗಲಿಲ್ಲ ಅಂದ್ರೆ ಭಾರತದಲ್ಲೇ ಎಂಎಸ್ಸಿ ಮೊದಲ ವರ್ಷಕ್ಕೆ ಸೇರಿ ಹಾಕಬಹುದು. ಹುಡುಗಿಗೆ ಮನೆಯಿಂದ ಒಂದು ವರ್ಷ ಹೆಚ್ಚು ಕಾಯೋ ಅನುಮತಿ ಸಿಗೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಇಸಾರ್ ದಂಡೆ

ಮ್ಯೂನಿಕ್‌ನ ಲುಡ್ವಿಗ್ ಮ್ಯಾಕ್ಸಿಮಿಲಿಯನ್ ವಿಶ್ವವಿದ್ಯಾಲಯದಲ್ಲಿ (ಎಲ್‌ಎಂಯು) ಸ್ಟ್ಯಾಟಿಸ್ಟಿಕ್ಸ್ ಎಂಎಸ್ಸಿ ಮುಗಿಸಿ ಈಗ ವಿಮೆ ಕ್ಷೇತ್ರದಲ್ಲಿ ಕೆಲಸ ಮಾಡ್ತಿದ್ದೀನಿ. ಕೋರ್ಸುಗಳ ಬಗ್ಗೆ ಬರೀತೀನಿ.

ಎಲ್‌ಎಂಯುನ ಕೋರ್ಸಿನ ಹೆಸರು ಸ್ಟ್ಯಾಟಿಸ್ಟಿಕ್ಸ್ ಅಂಡ್ ಡೇಟಾ ಸೈನ್ಸ್, ಇಂಗ್ಲಿಷ್‌ನಲ್ಲಿ ನಡೆಯುತ್ತೆ. ಬರ್ಲಿನ್‌ನಲ್ಲಿ ಹುಂಬೋಲ್ಟ್, ಫ್ರೀ ಯೂನಿವರ್ಸಿಟಿ, ಟಿಯು ಮೂರೂ ಸೇರಿ ನಡೆಸೋ ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಇದೆ, ಅದೂ ಇಂಗ್ಲಿಷ್. ಒಂದೇ ಪದವಿಗೆ ಮೂರು ಕ್ಯಾಂಪಸ್ಸಿನಲ್ಲಿ ಓಡಾಡಬೇಕು, ಆದ್ರೆ ಆಯ್ಕೆಗೆ ಸಿಗೋ ಪೇಪರುಗಳು ಅಷ್ಟೇ ವಿಶಾಲ. ಗೋಟಿಂಗನ್‌ನಲ್ಲಿ ಅಪ್ಲೈಡ್ ಸ್ಟ್ಯಾಟಿಸ್ಟಿಕ್ಸ್. ಡಾರ್ಟ್‌ಮುಂಡ್‌ನ ಎಂಎಸ್ಸಿ ಸ್ಟ್ಯಾಟಿಸ್ಟಿಕ್ ಜರ್ಮನ್ ಭಾಷೆಯಲ್ಲಿ. ಅಲ್ಲಿಯೇ ಸುತ್ತಮುತ್ತಲ ವಿಶ್ವವಿದ್ಯಾಲಯಗಳು ಸೇರಿ ಇಂಗ್ಲಿಷ್‌ನಲ್ಲಿ ಇಕನಾಮೆಟ್ರಿಕ್ಸ್ ನಡೆಸ್ತವೆ.

ಎಲ್‌ಎಂಯುನಲ್ಲಿ ನನಗೆ ಹೆಚ್ಚು ಕಲಿಸಿದ್ದು ಕನ್ಸಲ್ಟಿಂಗ್ ಪ್ರಾಜೆಕ್ಟ್. ಅಲ್ಲಿ ಸ್ಟಾಬ್‌ಲಾಬ್ ಅಂತ ಸಂಖ್ಯಾಶಾಸ್ತ್ರ ಸಲಹಾ ಪ್ರಯೋಗಾಲಯ ಇದೆ. ವೈದ್ಯರು, ಜೀವಶಾಸ್ತ್ರಜ್ಞರು, ಸಮಾಜವಿಜ್ಞಾನಿಗಳು ತಮ್ಮ ದತ್ತಾಂಶ ಹಿಡಿದು ಬರ್ತಾರೆ. ನಾವು ಗುಂಪಾಗಿ ಅವರ ಎದುರು ಕೂತು "ನಿಮಗೆ ನಿಜವಾಗಿ ಬೇಕಿರೋ ಉತ್ತರ ಏನು" ಅಂತ ಕೇಳಬೇಕು. ಅವರು ಕೊಟ್ಟ ಫೈಲಿನಲ್ಲಿ ಅರ್ಧ ಕಾಲಂ ಖಾಲಿ ಇರುತ್ತೆ, ಅದು ಯಾಕೆ ಖಾಲಿ ಅಂತ ವಿಚಾರಿಸೋದೇ ಮೊದಲ ಕೆಲಸ. ಕಾಯಿಲೆ ಜೋರಾಗಿದ್ದವರೇ ಮುಂದಿನ ತಪಾಸಣೆಗೆ ಬಾರದೆ ಕಾಲಂ ಖಾಲಿ ಉಳಿದಿದ್ರೆ, ಇರೋವರ ಸರಾಸರಿ ತೆಗೆದು ಕೊಡೋದು ತಪ್ಪು ಉತ್ತರ. ಪುಸ್ತಕದಲ್ಲಿ ಓದಿದ ಮಿಸ್ಸಿಂಗ್ ಡೇಟಾ ಅಧ್ಯಾಯ ನನಗೆ ತಲೆಗೆ ಹತ್ತಿದ್ದು ಅಲ್ಲಿ.

ಫೀಸ್ ವಿಷಯ: ಬಹುತೇಕ ರಾಜ್ಯಗಳಲ್ಲಿ ಇಲ್ಲ, ಸೆಮಿಸ್ಟರ್ ವಂತಿಗೆ ಮಾತ್ರ. ಆದ್ರೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ, ಅಂದ್ರೆ ಹೈಡೆಲ್‌ಬರ್ಗ್, ಮಾನ್‌ಹೈಮ್, ಟ್ಯೂಬಿಂಗನ್, ಉಲ್ಮ್ ಎಲ್ಲಾ, ಯುರೋಪಿನ ಹೊರಗಿನವರಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಇದೆ. ಮ್ಯೂನಿಕ್‌ನ ಟಿಯು 2024ರ ಚಳಿಗಾಲದಿಂದ ಎಂಎಸ್ಸಿಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋ ಮಾಡಿದೆ. ಅದೇ ಊರಿನ ಎಲ್‌ಎಂಯು ಬೇರೆ, ಟಿಯು ಬೇರೆ. ಎರಡನ್ನೂ ಒಂದೇ ಅಂದ್ಕೊಂಡು ಬರೋರು ಇದ್ದಾರೆ, ಹುಷಾರು.

ದಾವಣಗೆರೆ ಅಪ್ಪ

ನನ್ನ ಮಗನೂ ಇದೇ ದಾರಿಯಲ್ಲಿದ್ದಾನೆ, ಅದಕ್ಕೆ ಓದ್ತಾ ಇದ್ದೇನೆ. ಬ್ಲಾಕ್ಡ್ ಅಕೌಂಟ್ ಅಂತ 12 ಲಕ್ಷ ಕಟ್ಟಬೇಕಂತೆ. ಫೀಸ್ ಇಲ್ಲ ಅಂತೀರಿ, ಮತ್ತೆ ಈ ದುಡ್ಡು ಯಾರಿಗೆ ಹೋಗುತ್ತೆ? ವಾಪಸ್ ಬರುತ್ತಾ? ನಾವು ಅಡಿಕೆ ಮಾರಿ, ಸ್ವಲ್ಪ ಸಾಲ ಮಾಡಿ ಹೊಂದಿಸಬೇಕು.

ಇಸಾರ್ ದಂಡೆ

ಅದು ಯಾರಿಗೂ ಹೋಗಲ್ಲ ಸರ್, ಖರ್ಚಿಗೆ ದುಡ್ಡಿದೆ ಅಂತ ವೀಸಾಗೆ ತೋರಿಸೋ ಖಾತೆ ಅದು, ನಿಮ್ಮ ಮಗನ ಹೆಸರಲ್ಲೇ ಇರುತ್ತೆ. ವರ್ಷಕ್ಕೆ 11,904 ಯೂರೋ. ಯೂರೋಗೆ ನೂರು ರೂಪಾಯಿ ಅಂತ ಹಿಡಿದ್ರೆ ನೀವು ಹೇಳಿದ ಸುಮಾರು 12 ಲಕ್ಷ. ಮಗ ಅಲ್ಲಿಗೆ ಹೋಗಿ ಬ್ಯಾಂಕ್ ಖಾತೆ ತೆರೆದ ಮೇಲೆ ತಿಂಗಳಿಗೆ 992 ಯೂರೋದಂತೆ ಅವನ ಕೈಗೆ ಬರುತ್ತೆ. ಮೊದಲ ವರ್ಷದ ಬಾಡಿಗೆ, ಊಟ, ವಿಮೆ ಎಲ್ಲಾ ಅದರಲ್ಲೇ. ವೀಸಾ ಸಿಗದಿದ್ರೆ ಸೇವಾಶುಲ್ಕ ಹಿಡಿದು ಉಳಿದದ್ದು ವಾಪಸ್ ಬರುತ್ತೆ.

ನೀವು ಲೆಕ್ಕ ಹಾಕಬೇಕಾಗಿರೋದು ಎರಡನೇ ವರ್ಷದ್ದು. ಆಗ ಅವನು ದುಡೀಬೇಕು. ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ವಿಶ್ವವಿದ್ಯಾಲಯದೊಳಗೇ ವಿದ್ಯಾರ್ಥಿ ಸಹಾಯಕ ಆದ್ರೆ ಆ ದಿನಗಳು ಈ ಮಿತಿಗೆ ಲೆಕ್ಕಕ್ಕಿಲ್ಲ. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ಆರ್ ಚೆನ್ನಾಗಿ ಬರೋ ಸಂಖ್ಯಾಶಾಸ್ತ್ರದ ಹುಡುಗರಿಗೆ ಬೇರೆ ವಿಭಾಗಗಳಲ್ಲೂ ಕೆಲಸ ಇರುತ್ತೆ, ಮನಶ್ಶಾಸ್ತ್ರದವರಿಗೂ ವೈದ್ಯಕೀಯದವರಿಗೂ ಲೆಕ್ಕ ಮಾಡಿಕೊಡೋರು ಬೇಕು. ಆದ್ರೆ ಮೊದಲ ಸೆಮಿಸ್ಟರಲ್ಲಿ ದುಡಿಮೆ ನಂಬ್ಕೊಂಡು ಕಳಿಸಬೇಡಿ. ಪರೀಕ್ಷೆ ಕಠಿಣ. ಇಡೀ ಸೆಮಿಸ್ಟರಿಗೆ ಕೊನೆಯಲ್ಲಿ ಒಂದೇ ಲಿಖಿತ ಪರೀಕ್ಷೆ. ಒಂದು ಪೇಪರನ್ನು ಎಷ್ಟು ಸಲ ಬರೀಬಹುದು ಅನ್ನೋದಕ್ಕೂ ಮಿತಿ ಇದೆ. ಕಡ್ಡಾಯ ಪೇಪರಲ್ಲಿ ಅದು ಮುಗಿದ್ರೆ ಆ ಕೋರ್ಸಿಂದಲೇ ಹೊರಗೆ.

ಊರು ನೋಡಿ ಆರಿಸಿ ಅಂತ ನನ್ನ ಕಳಕಳಿ. ಮ್ಯೂನಿಕ್‌ನಲ್ಲಿ ಹಾಸ್ಟೆಲ್ ಸಿಗದೆ ಖಾಸಗಿ ಕೋಣೆ ಹಿಡಿದ್ರೆ 992ರಲ್ಲಿ ಬಹುಪಾಲು ಬಾಡಿಗೆಗೇ ಹೋಗುತ್ತೆ. ವಿದ್ಯಾರ್ಥಿ ವಿಮೆ ತಿಂಗಳಿಗೆ 140 ಯೂರೋ ದಾಟಿದೆ. ಡಾರ್ಟ್‌ಮುಂಡ್, ಗೋಟಿಂಗನ್, ಬೀಲೆಫೆಲ್ಡ್ ಕಡೆ ಜೀವನ ಹಗುರ. ಪ್ರವೇಶಪತ್ರ ಬಂದ ದಿನವೇ ಅಲ್ಲಿನ ವಿದ್ಯಾರ್ಥಿ ಸೇವಾ ಸಂಸ್ಥೆಯ ಹಾಸ್ಟೆಲ್ ಪಟ್ಟಿಗೆ ಹೆಸರು ಹಾಕಿಸಿ.

ದಾವಣಗೆರೆ ಅಪ್ಪ

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಮನಸ್ಸು ಹಗುರಾಯ್ತು.

ಕೊಳ್ಳೇಗಾಲ

ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳು ರಾಜ್ಯದ ಸಮಾಜ ಕಲ್ಯಾಣ ಇಲಾಖೆಯವರು ವಿದೇಶದ ಓದಿಗೆ ನೆರವು ಕೊಡೋ ಪ್ರಬುದ್ಧ ಯೋಜನೆ ನೋಡಿ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಇದೆ. ನಮ್ಮ ಕಡೆ ಎಷ್ಟೋ ಮಕ್ಕಳಿಗೆ ಈ ಹೆಸರುಗಳೇ ಗೊತ್ತಿಲ್ಲ, ಗೊತ್ತಾಗೋ ಹೊತ್ತಿಗೆ ಕೊನೇ ದಿನಾಂಕ ಮುಗಿದಿರುತ್ತೆ. ಅಲ್ಲಿ ಸೇರಿದ ಮೇಲೆ ಡಾಯ್ಚ್‌ಲಾಂಡ್ ಸ್ಟಿಪೆಂಡಿಯುಮ್ ಅನ್ನೋ ಅಲ್ಲಿನ ವಿದ್ಯಾರ್ಥಿವೇತನಕ್ಕೂ ಹಾಕಬಹುದು, ಆಯ್ಕೆಯಾದ್ರೆ ತಿಂಗಳಿಗೆ 300 ಯೂರೋ, ಯಾವ ದೇಶದವರಿಗಾದರೂ ಸರಿ.

ಪಿಯು ಎರಡನೇ ವರ್ಷ

ಬಿಎಸ್ಸಿಯನ್ನೇ ಜರ್ಮನಿಯಲ್ಲಿ ಮಾಡಕ್ಕಾಗಲ್ವಾ? ನಾನು ಪಿಸಿಎಂಸಿ.

ರೂರ್ ಕಡೆಯವನು

ಆಗುತ್ತೆ, ಆದ್ರೆ ದಾರಿ ಉದ್ದ. ನಮ್ಮ ಪಿಯುಸಿ ಒಂದರಿಂದ ನೇರ ಪ್ರವೇಶ ಸಿಗಲ್ಲ. ಜೆಇಇ ಅಡ್ವಾನ್ಸ್ಡ್ ಪಾಸಾಗಿದ್ರೆ ವಿಜ್ಞಾನ, ತಾಂತ್ರಿಕ ವಿಷಯಗಳಿಗೆ ನೇರ ದಾರಿ ಇದೆ. ಇಲ್ಲಾಂದ್ರೆ ಭಾರತದ ಮಾನ್ಯ ವಿಶ್ವವಿದ್ಯಾಲಯದಲ್ಲಿ ಅದೇ ವಿಷಯದ ಪದವಿಯ ಒಂದು ವರ್ಷ ಪಾಸು ಮಾಡಿರಬೇಕು, ಅಥವಾ ಜರ್ಮನಿಯಲ್ಲಿ ಒಂದು ವರ್ಷ ಸ್ಟುಡಿಯೆನ್‌ಕೊಲೆಗ್ ಅನ್ನೋ ಪೂರ್ವಸಿದ್ಧತಾ ಕೋರ್ಸು ಓದಿ ಪರೀಕ್ಷೆ ಬರೀಬೇಕು. ಡಾರ್ಟ್‌ಮುಂಡ್, ಮ್ಯೂನಿಕ್‌ನ ಬಿಎಸ್ಸಿ ಸ್ಟ್ಯಾಟಿಸ್ಟಿಕ್ ಪಾಠವೆಲ್ಲಾ ಜರ್ಮನ್‌ನಲ್ಲೇ. ಡಿಎಸ್‌ಎಚ್ ಅಥವಾ ಟೆಸ್ಟ್‌ಡಾಫ್ (ವಿಶ್ವವಿದ್ಯಾಲಯ ಪ್ರವೇಶಕ್ಕೆ ಬರೆಯೋ ಜರ್ಮನ್ ಭಾಷಾ ಪರೀಕ್ಷೆಗಳು) ಮಟ್ಟದ ಭಾಷೆ ಬೇಕು, ಶೂನ್ಯದಿಂದ ಶುರುಮಾಡಿದ್ರೆ ಒಂದೂವರೆ ವರ್ಷ ಹಿಡಿಯುತ್ತೆ. ನನ್ನ ಕೇಳಿದ್ರೆ ಭಾರತದಲ್ಲೇ ಒಳ್ಳೆ ಬಿಎಸ್ಸಿ ಮಾಡಿ, ಜೊತೆಜೊತೆಗೆ ಜರ್ಮನ್ ಕಲೀರಿ.

ಹಾಸನದ ಹುಡುಗಿ

ಭಾಷೆ ವಿಷಯ ಬಂತಲ್ಲ, ಅದನ್ನೇ ಕೇಳೋಣ ಅಂತಿದ್ದೆ. ಇಂಗ್ಲಿಷ್ ಕೋರ್ಸಿಗೆ ಹಾಕಿದ್ರೂ ಜರ್ಮನ್ ಬೇಕಾ?

ಇಸಾರ್ ದಂಡೆ

ಸೀಟಿಗೆ ಬೇಡ. ಐಇಎಲ್‌ಟಿಎಸ್ ಸಾಮಾನ್ಯವಾಗಿ 6.5 ಕೇಳ್ತಾರೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದೀನಿ ಅಂತ ಕಾಲೇಜು ಕೊಡೋ ಪತ್ರವನ್ನು ಎಲ್ಲಾ ಕಡೆ ಒಪ್ಪಲ್ಲ.

ಕೆಲಸಕ್ಕೆ ಬೇಕೇ ಬೇಕು. ವಿಮೆ ಕಂಪನಿಯಲ್ಲಿ ಒಪ್ಪಂದಪತ್ರ, ಮೀಟಿಂಗು, ವರದಿ ಎಲ್ಲಾ ಜರ್ಮನ್. ಔಷಧ ಕಂಪನಿಗಳ ಕ್ಲಿನಿಕಲ್ ಟ್ರಯಲ್ ವಿಭಾಗಗಳಲ್ಲಿ ಇಂಗ್ಲಿಷ್ ಹೆಚ್ಚು ನಡೆಯುತ್ತೆ, ಅದಕ್ಕೇ ಬಯೋಸ್ಟ್ಯಾಟಿಸ್ಟಿಕ್ಸ್ ಕಡೆಗೆ ಹೋಗೋ ನಮ್ಮವರು ಜಾಸ್ತಿ. ಪದವಿ ಮುಗಿದ ಮೇಲೆ ಕೆಲಸ ಹುಡುಕೋಕೆ 18 ತಿಂಗಳು ಇರೋ ಅನುಮತಿ ಸಿಗುತ್ತೆ. ಆ ಸಮಯ ಭಾಷೆ ಬಂದವರಿಗೆ ಧಾರಾಳ, ಬಾರದವರಿಗೆ ಸಾಲದು.

ಗೋಟಿಂಗನ್ ಗೆಳತಿ

ಜರ್ಮನ್‌ನಲ್ಲಿ ಬಿ1 (ಮಧ್ಯಮ ಮಟ್ಟ) ಮುಗಿಸ್ಕೊಂಡು ಬನ್ನಿ ಅಂತ ನಾನು ಎಲ್ಲರಿಗೂ ಹೇಳೋದು. ಬೆಂಗಳೂರಿನ ಇಂದಿರಾನಗರದಲ್ಲಿ ಗೋಯಥೆ ಸಂಸ್ಥೆ ಇದೆ, ಅವರು ಆನ್‌ಲೈನ್ ತರಗತಿಯನ್ನೂ ನಡೆಸ್ತಾರೆ. ಹಾಸನದಿಂದ ದಿನಾ ಓಡಾಡೋ ತಾಪತ್ರಯ ಇಲ್ಲ.

ಭಾಷೆ ಬಂದ್ರೆ ಊರೂ ತೆರೆದುಕೊಳ್ಳುತ್ತೆ. ಗೋಟಿಂಗನ್ ಅಂದ್ರೆ ಗಣಿತಜ್ಞ ಗೌಸ್ ಇದ್ದ ಊರು. ಅವರ ಸಮಾಧಿ ಇಲ್ಲಿಯ ಆಲ್ಬಾನಿ ಸ್ಮಶಾನದಲ್ಲಿದೆ, ಈಗ ಅದೊಂದು ಪಾರ್ಕು, ಪರೀಕ್ಷೆಗೆ ಮುಂಚೆ ನಾವು ಅಲ್ಲಿ ಕೂತು ಓದ್ತಿದ್ವಿ. ಯೂರೋ ಬರೋ ಮುಂಚೆ ಇಲ್ಲಿಯ 10 ಮಾರ್ಕ್ ನೋಟಿನ ಮೇಲೆ ಗೌಸ್ ಚಿತ್ರ, ಪಕ್ಕದಲ್ಲಿ ನಾರ್ಮಲ್ ಕರ್ವ್, ಅದರ ಸೂತ್ರ ಸಮೇತ. ನಮ್ಮ ಮನೆ ಮಾಲೀಕರಾದ ಅಜ್ಜಿ ಒಂದು ಹಳೇ ನೋಟು ಎತ್ತಿಟ್ಟಿದ್ರು. ನಾನು ಓದೋ ವಿಷಯ ಯಾವುದು ಅಂತ ನನ್ನ ಮುರುಕು ಜರ್ಮನ್‌ನಲ್ಲಿ ಹೇಳಿದಾಗ ಡ್ರಾಯರಿಂದ ಅದನ್ನು ತೆಗೆದು ತೋರಿಸಿದ್ರು.

ವಿಟಿಯು ಹಳೇ ವಿದ್ಯಾರ್ಥಿ

ಎಪಿಎಸ್ ಬಗ್ಗೆ ಯಾರೂ ಬರೆದಿಲ್ಲ, ಅದು ಮೊದಲ ಮೆಟ್ಟಿಲು. 2022ರ ನವೆಂಬರ್‌ನಿಂದ ಭಾರತದವರಿಗೆ ವಿದ್ಯಾರ್ಥಿ ವೀಸಾಗೆ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ನಿಮ್ಮ ಅಂಕಪಟ್ಟಿಗಳು ನಿಜವಾ ಅಂತ ದೆಹಲಿಯ ಕಚೇರಿ ಪರಿಶೀಲಿಸುತ್ತೆ. ಶುಲ್ಕ 18,000 ರೂಪಾಯಿ. ಎಷ್ಟೋ ವಿಶ್ವವಿದ್ಯಾಲಯಗಳು ಅರ್ಜಿ ಜೊತೆಗೇ ಅದನ್ನು ಕೇಳ್ತವೆ. ವಾರಗಟ್ಟಲೆ ಹಿಡಿಯುತ್ತೆ, ಸೀಸನ್‌ನಲ್ಲಿ ಇನ್ನೂ ಹೆಚ್ಚು. ಹೆಸರಿನ ಇನಿಶಿಯಲ್ ಎಸ್‌ಎಸ್‌ಎಲ್‌ಸಿ ಕಾರ್ಡಲ್ಲಿ ಒಂದು ಥರ, ಪಾಸ್‌ಪೋರ್ಟಲ್ಲಿ ಇನ್ನೊಂದು ಥರ ಇದ್ರೆ ಈಗಲೇ ಅಫಿಡವಿಟ್ ಮಾಡಿಸಿ. ಕರ್ನಾಟಕದವರಿಗೆ ಈ ಇನಿಶಿಯಲ್ ಗೋಳು ತುಂಬಾ.

ಅರ್ಜಿ ಕೆಲವು ಕಡೆ ಯೂನಿ-ಅಸಿಸ್ಟ್ ಅನ್ನೋ ಅರ್ಜಿ ಪರಿಶೀಲನಾ ಸಂಸ್ಥೆಯ ಮೂಲಕ, ಮೊದಲನೆಯದಕ್ಕೆ 75 ಯೂರೋ, ಆಮೇಲೆ ಒಂದೊಂದಕ್ಕೂ 30. ಕೆಲವು ಕಡೆ ಅವರದ್ದೇ ಪೋರ್ಟಲ್. ಚಳಿಗಾಲದ ಸೆಮಿಸ್ಟರಿಗೆ ಜುಲೈ 15 ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಇಂಗ್ಲಿಷ್ ಎಂಎಸ್ಸಿಗಳು ಅದಕ್ಕಿಂತ ತಿಂಗಳುಗಟ್ಟಲೆ ಮುಂಚೆ ಬಾಗಿಲು ಹಾಕೋದುಂಟು. ವೀಸಾಗೆ ನಮಗೆ ಬೆಂಗಳೂರಿನ ಕಾನ್ಸುಲೇಟ್. 2025ರ ಜುಲೈನಿಂದ, ತಿರಸ್ಕಾರ ಆದ್ರೆ ಕಾನ್ಸುಲೇಟಿಗೇ ಮೇಲ್ಮನವಿ ಬರೆಯೋ ಪದ್ಧತಿ ತೆಗೆದಿದ್ದಾರೆ. ಹೊಸದಾಗಿ ಹಾಕಬೇಕು, ಇಲ್ಲಾ ಕೋರ್ಟಿಗೆ ಹೋಗಬೇಕು. ಹಾಗಾಗಿ ಮೊದಲ ಸಲವೇ ಕಡತ ಪೂರ್ತಿ ಇರಲಿ.

ಮೈಸೂರು ಮೇಷ್ಟ್ರು

ಅರ್ಜಿಯ ಜೊತೆ ಕಳಿಸುವ ಉದ್ದೇಶಪತ್ರದ ಬಗ್ಗೆಯೂ ಒಂದು ಮಾತು. ಮಕ್ಕಳು ತೋರಿಸುವ ಪತ್ರಗಳಲ್ಲಿ ಜರ್ಮನಿಯ ಹೊಗಳಿಕೆ ಅರ್ಧ ಪುಟ ಇರುತ್ತದೆ. ಆ ಜಾಗದಲ್ಲಿ ನೀವು ಮಾಡಿದ ಒಂದು ಕೆಲಸ ಬರೆಯಿರಿ. ಹಾಸನದ ಹುಡುಗಿಗೆ ನೇರವಾಗಿ ಹೇಳುವುದಾದರೆ: ನಿಮ್ಮ ತಂದೆಯವರ ತೋಟವಿದೆ. ಅರಸೀಕೆರೆ, ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆ ಸಿಗುತ್ತದೆ. ಕೆಲವು ವರ್ಷದ ಧಾರಣೆ ತೆಗೆದುಕೊಂಡು ಆರ್‌ನಲ್ಲಿ ಟೈಮ್ ಸೀರೀಸ್ ಮಾಡಿ. ಏರಿಳಿತದಲ್ಲಿ ಋತುಮಾನದ ಪಾಲೆಷ್ಟು ನೋಡಿ, ಮಾದರಿ ಎಲ್ಲಿ ಸೋತಿತು ಎಂಬುದನ್ನೂ ಬರೆಯಿರಿ. ಕಡತ ಓದುವವರಿಗೆ ಈ ವಿದ್ಯಾರ್ಥಿಗೆ ದತ್ತಾಂಶದ ಮೇಲೆ ಪ್ರೀತಿ ಇದೆ ಎಂದು ತಿಳಿಯುವುದು ಅಂಥ ಒಂದು ಪ್ಯಾರಾದಿಂದ.

ಹಾಸನದ ಹುಡುಗಿ

ಸರ್, ಈ ಯೋಚನೆ ನನಗೆ ಹೊಳೆದೇ ಇರಲಿಲ್ಲ. ಅಪ್ಪ ಹರಾಜಿನ ಚೀಟಿಗಳನ್ನೆಲ್ಲಾ ಇಟ್ಕೊಂಡಿದ್ದಾರೆ, ಅದರಿಂದಲೇ ಶುರು ಮಾಡ್ತೀನಿ.

ನಾಲ್ಕನೇ ವರ್ಷದ ಬಗ್ಗೆ ಇಲ್ಲಿ ಎರಡೂ ಅಭಿಪ್ರಾಯ ಬಂದಿದೆ. ಗೋಟಿಂಗನ್, ಬರ್ಲಿನ್, ಎಲ್‌ಎಂಯು ಮೂರೂ ಕಡೆ ಮೇಲ್ ಬರೆದು ಉತ್ತರ ನೋಡಿ ತೀರ್ಮಾನ ಮಾಡ್ತೀನಿ. ಒಂದೇ ಒಂದು ಉಳಿದಿರೋದು: ನಮ್ಮ ಕೊನೇ ಸೆಮಿಸ್ಟರ್ ಫಲಿತಾಂಶ ಬರೋದು ಆಗಸ್ಟ್, ಸೆಪ್ಟೆಂಬರ್ ಆಗಿಬಿಡುತ್ತೆ. ಅಷ್ಟರಲ್ಲಿ ಅರ್ಜಿ ದಿನಾಂಕ ಮುಗಿದಿರುತ್ತಲ್ಲ?

ಗೋಟಿಂಗನ್ ಗೆಳತಿ

ಐದು ಸೆಮಿಸ್ಟರ್ ಅಂಕಪಟ್ಟಿ ಇಟ್ಟು ಹಾಕಬಹುದು. ಬಹಳ ಕಡೆ ಒಟ್ಟು ಕ್ರೆಡಿಟ್‌ನ ಇಂತಿಷ್ಟು ಪಾಲು ಮುಗಿದಿದ್ರೆ ಸಾಕು ಅಂತ ನಿಯಮ ಇದೆ, ಪದವಿ ಪತ್ರವನ್ನು ದಾಖಲಾತಿ ಹೊತ್ತಿಗೋ ಅದರ ನಂತರದ ಒಂದು ಗಡುವಿನೊಳಗೋ ಕೊಡಬೇಕು. ಎಪಿಎಸ್‌ಗೂ ಕೊನೇ ವರ್ಷದಲ್ಲಿರೋರು ಅಲ್ಲಿಯವರೆಗಿನ ಅಂಕಪಟ್ಟಿಯಿಂದ ಹಾಕಬಹುದು. ಐದನೇ ಸೆಮಿಸ್ಟರ್ ಫಲಿತಾಂಶ ಬಂದ ವಾರವೇ ಎಪಿಎಸ್‌ಗೆ ಕಳಿಸಿ. ಅಂಕಪಟ್ಟಿ ಸ್ಕ್ಯಾನ್ ಮಾಡುವಾಗ ಹಿಂದಿನ ಪುಟವನ್ನೂ ಮಾಡಿ, ಗ್ರೇಡಿಂಗ್ ಪಟ್ಟಿ ಮತ್ತು ಪಾಸ್ ಅಂಕ ಸಾಮಾನ್ಯವಾಗಿ ಅಲ್ಲೇ ಅಚ್ಚಾಗಿರುತ್ತೆ.